ಎತ್ತರದಲ್ಲಿ ನೂರು ಕಳೆದರೆ ಆರೋಗ್ಯ ಸಿಗುವುದಿಲ್ಲ

ಸಾಗರ, ಹೊಸನಗರ, ತೀರ್ಥಹಳ್ಳಿಯ ಯಾವುದೇ ಮದುವೆಮನೆಯಲ್ಲಿ, ಸೊಸೈಟಿಯ ಕಟ್ಟೆಯ ಮೇಲೆ, ಆರೋಗ್ಯ ತಪಾಸಣಾ ಶಿಬಿರದ ಸಾಲಿನಲ್ಲಿ ತೂಕದ ಮಾತು ಎದ್ದರೆ ಒಂದೇ ಲೆಕ್ಕ ಹೊರಬರುತ್ತದೆ. "ಎತ್ತರ ಎಷ್ಟು? ಅದ್ರಾಗೆ ನೂರು ಕಳಿ ಮಾರಾಯ್ತಿ, ಉಳಿದಷ್ಟೇ ತೂಕ ಇರ್ಬೇಕು." ಹೇಳುವವರಲ್ಲಿ ಅನುಮಾನವಿಲ್ಲ, ಕೇಳುವವರಲ್ಲಿ ಪ್ರಶ್ನೆಯಿಲ್ಲ. ಓದಿದವರು ಇಂಥದ್ದೇ ಲೆಕ್ಕವನ್ನು ಬಿಎಂಐ ಎಂಬ ಹೆಸರಿನಲ್ಲಿ ಹೇಳುತ್ತಾರೆ. ತೂಕ ಇಳಿಸುವ ಪುಡಿ ಮಾರುವವರು ಇದನ್ನೇ ಗೋಡೆಯ ಮೇಲಿನ ಪಟ್ಟಿಯಾಗಿ ತೂಗುಹಾಕುತ್ತಾರೆ. ಪ್ರತಿಯೊಬ್ಬರ ಎತ್ತರಕ್ಕೂ ಒಂದು ಸರಿಯಾದ ತೂಕವಿದೆ, ಅದನ್ನು ಮುಟ್ಟಿದವನು ಆರೋಗ್ಯವಂತ, ಮುಟ್ಟದವನು ರೋಗಿ ಎಂಬುದು ಇವರೆಲ್ಲರ ನಂಬಿಕೆ.

ಈ ನಂಬಿಕೆ ತಪ್ಪು. ನಮ್ಮ ಮಲೆನಾಡಿನ ಮೈಗಳ ಮಟ್ಟಿಗೆ ಅದು ಅಪಾಯಕಾರಿಯೂ ಹೌದು. ಇಳಿಸಬೇಕಾದವರನ್ನು ಅದು ನಿಶ್ಚಿಂತೆಯಿಂದ ಕೂರಿಸುತ್ತದೆ, ಇಳಿಸಬಾರದವರನ್ನು ಉಪವಾಸ ಕೆಡವುತ್ತದೆ.

ಮೊದಲು ಆ ಲೆಕ್ಕವನ್ನೇ ಪರೀಕ್ಷಿಸೋಣ. 'ಎತ್ತರದಲ್ಲಿ ನೂರು ಕಳೆ' ಎಂಬ ಸೂತ್ರವನ್ನು 19ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಪಾಲ್ ಬ್ರೋಕಾನ ಹೆಸರಿನಿಂದ ಕರೆಯುತ್ತಾರೆ. ಅಡಿಕೆ ಸುಲಿತಕ್ಕೆ ಹೋಗುವ, 140 ಸೆಂ.ಮೀ. ಎತ್ತರದ, 44 ಕೆ.ಜಿ. ತೂಕದ ಒಬ್ಬ ಹೆಂಗಸನ್ನು ಎಣಿಸಿ. ಸೂತ್ರದ ಪ್ರಕಾರ ಆಕೆ ನಾಲ್ಕು ಕೆ.ಜಿ. ಇಳಿಸಬೇಕು. ಆದರೆ ಆಕೆಯ ಬಿಎಂಐ, ಅಂದರೆ ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ, 22.4. ಭಾರತೀಯರಿಗಾಗಿ ವೈದ್ಯರು 2009ರಲ್ಲಿ ಒಪ್ಪಿಕೊಂಡ ಮಿತಿಯಂತೆ 23ರ ಒಳಗಿದ್ದರೆ ಸರಿ. ಅಂದರೆ ಆಕೆ ಒಂದು ಗ್ರಾಮನ್ನೂ ಇಳಿಸಬೇಕಾಗಿಲ್ಲ. ಈಗ 176 ಸೆಂ.ಮೀ. ಎತ್ತರದ, 75 ಕೆ.ಜಿ. ತೂಕದ ತೋಟದ ಯಜಮಾನರನ್ನು ಎಣಿಸಿ. ಸೂತ್ರ ಅವರಿಗೆ ಇನ್ನೂ ಒಂದು ಕೆ.ಜಿ. ಏರಲು ಅವಕಾಶ ಕೊಡುತ್ತದೆ. ಅವರ ಬಿಎಂಐ 24.2, ಅದೇ ಭಾರತೀಯ ಮಿತಿಯಲ್ಲಿ ಹೆಚ್ಚು ತೂಕದವರ ಸಾಲು. ಒಂದೇ ಸೂತ್ರ ಕುಳ್ಳಗಿರುವ ಕೂಲಿ ಹೆಂಗಸಿಗೆ ಕಠಿಣವಾಗಿದೆ, ಎತ್ತರದ ಗಂಡಸಿಗೆ ಸಡಿಲವಾಗಿದೆ. ತಲೆಮಾರುಗಳಿಂದ ಅರೆಹೊಟ್ಟೆಯಲ್ಲಿ ಬೆಳೆದು ಎತ್ತರ ಕುಂದಿದ ಮನೆಗಳ ಹೆಂಗಸರಿಗೇ 'ನೀನು ದಪ್ಪ' ಎನ್ನುವ ಲೆಕ್ಕವನ್ನು ಆರೋಗ್ಯದ ಲೆಕ್ಕವೆಂದು ಒಪ್ಪಲಾಗದು.

ಹಾಗಾದರೆ ಬಿಎಂಐ ಸರಿಯೇ ಎಂದು ಕೇಳಬಹುದು. ಅದು ಬ್ರೋಕಾನ ಸೂತ್ರಕ್ಕಿಂತ ಮೇಲು. ಆದರೆ ಅದೂ ಒಬ್ಬ ವ್ಯಕ್ತಿಯ ಆರೋಗ್ಯವನ್ನು ಅಳೆಯಲು ಹುಟ್ಟಿದ್ದಲ್ಲ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕವನ್ನು 1830ರ ದಶಕದಲ್ಲಿ ಕೊಟ್ಟವನು ಬೆಲ್ಜಿಯಂನ ಖಗೋಳಜ್ಞ, ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟೆಲೆ. ಅವನು ಹುಡುಕುತ್ತಿದ್ದುದು ಸರಾಸರಿ ಮನುಷ್ಯನ ಅಳತೆಯನ್ನು. ರೋಗದ ಮಾತು ಅದರಲ್ಲಿರಲಿಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಇಂದಿನ ಹೆಸರು ಕೊಟ್ಟಾಗ ಪರಿಶೀಲಿಸಿದ್ದು ಐದು ದೇಶಗಳ ಸುಮಾರು 7,400 ಜನರನ್ನು. ಅವರೆಲ್ಲರೂ ಗಂಡಸರು. ಭಾರತ ಆ ಐದರಲ್ಲಿ ಇರಲಿಲ್ಲ. ಒಂದು ಜನಸಮೂಹದ ಸ್ಥಿತಿ ತಿಳಿಯಲು ಬಿಎಂಐ ಇಂದಿಗೂ ಉಪಯುಕ್ತ. ಒಬ್ಬಳು ಹೆಂಗಸಿನ ಮುಂದೆ ಹಿಡಿದು 'ನಿನ್ನ ಗುರಿ ಇದು' ಎಂದು ತೀರ್ಪು ಕೊಡಲು ಅದಕ್ಕೆ ಶಕ್ತಿಯಿಲ್ಲ.

ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸಿಕೊಟ್ಟವರು ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್. 2004ರಲ್ಲಿ ಅವರೂ ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಅವರೂ ತಮ್ಮಿಬ್ಬರ ಚಿತ್ರವನ್ನೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಯುಡ್ಕಿನ್ ಅವರ ಮೈಯಲ್ಲಿದ್ದ ಕೊಬ್ಬು ಶೇ 9.1. ಯಾಜ್ಞಿಕ್ ಅವರದು ಶೇ 21.2. ತಕ್ಕಡಿ ಇಬ್ಬರನ್ನೂ ಸಮ ಎಂದಿತು. ಒಬ್ಬರ ಮೈಯಲ್ಲಿ ಇನ್ನೊಬ್ಬರ ಎರಡರಷ್ಟಕ್ಕಿಂತ ಹೆಚ್ಚು ಕೊಬ್ಬಿತ್ತು. ಭಾರತೀಯರ ಮೈ ಹೊರಗಿನಿಂದ ಸಪೂರವಾಗಿ ಕಂಡರೂ ಒಳಗೆ, ಅದರಲ್ಲೂ ಹೊಟ್ಟೆಯಲ್ಲಿ, ಕೊಬ್ಬು ಸೇರಿಸಿಕೊಳ್ಳುತ್ತದೆ. ಕೈಕಾಲುಗಳಲ್ಲಿ ಸ್ನಾಯು ಕಡಿಮೆ. ಈ ಸ್ವಭಾವ ಹುಟ್ಟುವಾಗಲೇ ಇರುತ್ತದೆ ಎಂಬುದನ್ನೂ ಪುಣೆ ಸುತ್ತಲಿನ ಹಳ್ಳಿಗಳ ಶಿಶುಗಳಲ್ಲಿ ಅವರ ತಂಡ ಕಂಡುಕೊಂಡಿತು. ತಾಯಿಗೆ ಬಸುರಿನಲ್ಲಿ ಸಿಗದ ಪೋಷಣೆಯ ಫಲವನ್ನು ಮಗು ನಡುವಯಸ್ಸಿನಲ್ಲಿ ಉಣ್ಣುತ್ತದೆ.

ಈ ಮೈಯನ್ನು ನಮ್ಮೂರುಗಳಲ್ಲಿ ಹುಡುಕಬೇಕಾಗಿಲ್ಲ. ಅಡಿಕೆ ತೋಟದ ಕೆಲಸ ಇಪ್ಪತ್ತು ವರ್ಷಗಳ ಹಿಂದೆ ಹೇಗಿತ್ತು, ಈಗ ಹೇಗಿದೆ ನೋಡಿ. ಆಗ ಯಜಮಾನರೂ ಸೊಪ್ಪು, ದರಕು ಹೊರುತ್ತಿದ್ದರು, ಹುಲ್ಲು ಕೊಯ್ಯುತ್ತಿದ್ದರು, ಗುಡ್ಡದ ಮೇಲಿನ ಮನೆಯಿಂದ ಕೆಳಗಿನ ತೋಟಕ್ಕೆ ದಿನಕ್ಕೆ ಹಲವು ಸಲ ಹತ್ತಿ ಇಳಿಯುತ್ತಿದ್ದರು. ಈಗ ಕಳೆ ಕೊಚ್ಚಲು ಯಂತ್ರ ಬಂದಿದೆ, ಸುಲಿಯಲು ಯಂತ್ರ ಬಂದಿದೆ, ಮರ ಹತ್ತದೆ ನೆಲದಲ್ಲಿ ನಿಂತೇ ಕೊನೆ ಇಳಿಸುವ ದೋಟಿ ಬಂದಿದೆ, ತೋಟದ ಬಾಗಿಲಿಗೇ ಬೈಕು ಹೋಗುತ್ತದೆ. ಇದೆಲ್ಲ ಬರಬೇಕಾದದ್ದೇ; ಕೊನೆ ಕೊಯ್ಯುವವರ ಜೀವ ಮರದ ತುದಿಯಲ್ಲಿ ತೂಗಾಡುತ್ತಿದ್ದುದನ್ನು ನೆನೆದರೆ ಯಂತ್ರವನ್ನು ಬೈಯಲು ಯಾರಿಗೂ ಮನಸ್ಸಾಗದು. ಆದರೆ ದುಡಿಮೆ ಇಳಿದಷ್ಟು ಊಟ ಇಳಿಯಲಿಲ್ಲ. ಬೆಳಿಗ್ಗೆ ದೋಸೆ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ, ನಡುವೆ ಸಕ್ಕರೆ ಹಾಕಿದ ಚಹಾ. ಕೈಕಾಲು ಸಣ್ಣಗೇ ಉಳಿದು ಅಂಗಿಯ ಕೆಳಗಿನ ಎರಡು ಗುಂಡಿಗಳ ಬಳಿ ಮಾತ್ರ ಬಟ್ಟೆ ಬಿಗಿಯುತ್ತದೆ. ತೂಕ 66 ಇದ್ದು ಎತ್ತರ 168 ಇದ್ದರೆ ನೂರು ಕಳೆಯುವ ಲೆಕ್ಕದಲ್ಲಿ ಅವರು ಮಾದರಿ ಪುರುಷ. "ನಂಗೆಂತ ಶುಗರ್ ಬರ್ತದೆ, ತೂಕ ಸರಿಯಾಗೇ ಇದೆಯಲ್ಲ" ಎಂಬ ಮಾತು ಹುಟ್ಟುವುದು ಇಲ್ಲಿಂದ. ಹಲವರಿಗೆ ಸಕ್ಕರೆ ಕಾಯಿಲೆ ಗೊತ್ತಾಗುವುದು ಕಾಲಿನ ಗಾಯ ಮಾಯದಿದ್ದಾಗ, ಕಣ್ಣು ಮಂಜಾದಾಗ.

ದೇಶದ ಅಂಕಿಅಂಶವೂ ಇದನ್ನೇ ಹೇಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಿಎಂಐ 25 ದಾಟಿದ ಹೆಂಗಸರು ಶೇ 24, ಗಂಡಸರು ಸುಮಾರು ಶೇ 23. ಅದೇ ಸಮೀಕ್ಷೆಯಲ್ಲಿ ಸೊಂಟ ಮತ್ತು ನಿತಂಬದ ಸುತ್ತಳತೆಯನ್ನು ಹೋಲಿಸಿದಾಗ ಅಪಾಯದ ಗೆರೆ ದಾಟಿದ ಹೆಂಗಸರು ಶೇ 56.7, ಗಂಡಸರು ಶೇ 47.7. ತೂಕದ ಲೆಕ್ಕ ಪಾಸು ಮಾಡಿದವರಲ್ಲಿ ಕೋಟಿಗಟ್ಟಲೆ ಜನರನ್ನು ಹೊಟ್ಟೆಯ ಅಳತೆ ಹಿಡಿದು ನಿಲ್ಲಿಸಿದೆ. ಇದೇ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆಂಗಸರಲ್ಲಿ ಸುಮಾರು ಮೂವತ್ತು ಮಂದಿ ಹೆಚ್ಚು ತೂಕದವರು, ಸುಮಾರು ಹದಿನೇಳು ಮಂದಿ ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು. ಈ ಹದಿನೇಳು ಮಂದಿಗೆ ತಲುಪಬೇಕಾದ ತೂಕ ಎಂದರೆ ಏರಬೇಕಾದ ತೂಕ. ಅವರ ವಿಷಯ ನಮ್ಮ ತೂಕದ ಮಾತುಕತೆಯಲ್ಲಿ ಬರುವುದೇ ಇಲ್ಲ.

ಎತ್ತರವನ್ನೇ ಆಧಾರವಾಗಿ ಹಿಡಿಯುವ ಲೆಕ್ಕ ಪೂರ್ತಿ ಕುಸಿದು ಬೀಳುವ ಜಾಗವೊಂದು ಸಾಗರ ತಾಲ್ಲೂಕಿನಲ್ಲೇ ಇದೆ. 1974-75ರ ಸುಮಾರಿಗೆ ಹಂದಿಗೋಡು ಗ್ರಾಮದಲ್ಲಿ ಒಂದು ವಿಚಿತ್ರ ಮೂಳೆರೋಗ ಬೆಳಕಿಗೆ ಬಂತು. ಸೊಂಟದ ಕೀಲು ಸವೆದು, ನಡಿಗೆ ಕೆಟ್ಟು, ನೋವಿನಲ್ಲಿ ಜನ ನೆಲ ಹಿಡಿದರು. ಕೆಲವರ ಬೆನ್ನುಮೂಳೆ ಗಿಡ್ಡವಾಗಿ ಎತ್ತರವೇ ಬೆಳೆಯಲಿಲ್ಲ. ರೋಗ ಕಂಡಿದ್ದು ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ಬಡ ಕೂಲಿಕಾರರಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು ಬಂದು ಪರಿಶೀಲಿಸಿದರು. ಕೀಟನಾಶಕ ಸೇರಿದ ಗದ್ದೆಯ ಏಡಿ, ಮೀನು ತಿಂದದ್ದೇ ಕಾರಣವೆಂಬ ಅನುಮಾನ ಬಹುಕಾಲ ಇತ್ತು. ಮುಂದಿನ ಅಧ್ಯಯನಗಳು ಇದು ವಂಶವಾಹಿಯಾಗಿ ಬರುವ ಮೂಳೆರೋಗ ಎಂದು ತೋರಿಸಿದವು. ಹಂದಿಗೋಡು ಕಾಯಿಲೆ ಎಂದೇ ವೈದ್ಯಲೋಕದಲ್ಲಿ ಅದಕ್ಕೆ ಹೆಸರು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಈ ಕಾಯಿಲೆಯವರಿದ್ದಾರೆ.

ಬೆನ್ನು ಗಿಡ್ಡವಾಗಿ 110 ಸೆಂ.ಮೀ.ಗೇ ನಿಂತ ಒಬ್ಬ ವಯಸ್ಕರ ಮುಂದೆ ನೂರು ಕಳೆಯುವ ಲೆಕ್ಕ ಇಟ್ಟು ನೋಡಿ. ಅವರು ಹತ್ತು ಕೆ.ಜಿ. ಇರಬೇಕು ಎನ್ನುತ್ತದೆ ಅದು. ಬಿಎಂಐ ಕೂಡ ಇಲ್ಲಿ ಅರ್ಥ ಕಳೆದುಕೊಳ್ಳುತ್ತದೆ. ಕಾಲು, ಬೆನ್ನು, ಕೈಗಳ ಅನುಪಾತ ಸಾಮಾನ್ಯವಾಗಿರುವವರಿಗಷ್ಟೇ ಆ ಸೂತ್ರ ಹೊಂದುತ್ತದೆ. ಇವರ ತೂಕದ ಪ್ರಶ್ನೆಗೆ ಉತ್ತರ ಬೇರೆ ಕಡೆಯಿಂದ ಬರಬೇಕು: ಸವೆದ ಕೀಲು ಎಷ್ಟು ಭಾರ ತಾಳುತ್ತದೆ, ತೊಡೆಯಲ್ಲಿ ನಿಲ್ಲುವಷ್ಟು ಕಸುವು ಇದೆಯೇ, ತಟ್ಟೆಯಲ್ಲಿ ಬೇಳೆ, ಮೊಟ್ಟೆ, ಮೀನು ಇದೆಯೇ ಇಲ್ಲವೇ. ಇವುಗಳನ್ನು ನೋಡಿದ ವೈದ್ಯರಷ್ಟೇ ಅವರಿಗೆ ತೂಕದ ಮಾತು ಹೇಳಬಹುದು. ಎರಡು ಜಿಲ್ಲೆಗಳ ಈ ಕಾಯಿಲೆಯವರನ್ನೆಲ್ಲ ಹೊರಗಿಡುವ ಸೂತ್ರ ಎಲ್ಲರಿಗೂ ಸಲ್ಲುವ ನಿಯಮ ಹೇಗಾದೀತು?

ಹಂದಿಗೋಡು ಅಪರೂಪದ ಉದಾಹರಣೆ ಎಂದು ತಳ್ಳಿಹಾಕುವವರು ತಮ್ಮ ಮನೆಯ ಹಿರಿಯರನ್ನು ನೋಡಲಿ. ಮೂಳೆ ಸವೆದು ಬೆನ್ನು ಬಾಗಿದಾಗ ಅಜ್ಜಿಯ ಎತ್ತರ ತಗ್ಗುತ್ತದೆ. 152 ಸೆಂ.ಮೀ. ಇದ್ದವರು 147ಕ್ಕೆ ಇಳಿದರೆ, 52 ಕೆ.ಜಿ. ತೂಕ ಹಾಗೇ ಇದ್ದರೂ ಬಿಎಂಐ 22.5ರಿಂದ 24ಕ್ಕೆ ಏರುತ್ತದೆ. ಒಂದು ತುತ್ತು ಹೆಚ್ಚು ತಿನ್ನದೆ ಅಜ್ಜಿ ಹೆಚ್ಚು ತೂಕದವರ ಪಟ್ಟಿ ಸೇರಿದರು. ಈ ವಯಸ್ಸಿನಲ್ಲಿ ಊಟ ಕಡಿಮೆ ಮಾಡಿ ತೂಕ ಇಳಿಸಿದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಸ್ನಾಯು ಕರಗಿದವರು ಒದ್ದೆ ಅಂಗಳದಲ್ಲಿ, ಪಾಚಿ ಹಿಡಿದ ಮೆಟ್ಟಿಲಲ್ಲಿ ಬೀಳುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಸೊಂಟದ ಮೂಳೆ ಮುರಿದುಕೊಂಡ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಅವರಿಗೆ ಬೇಕಾದ್ದು ಗಟ್ಟಿ ಕಾಲು.

ತಪ್ಪು ಸಂಖ್ಯೆಯ ಹಿಂದೆ ಓಡಿದ್ದರ ಬೆಲೆಯನ್ನು ಹೆಚ್ಚಾಗಿ ತೆರುವವರು ಹೆಣ್ಣುಮಕ್ಕಳು. ಮದುವೆ ಗೊತ್ತಾದ ಹುಡುಗಿ ಎರಡು ತಿಂಗಳಲ್ಲಿ ಹತ್ತು ಕೆ.ಜಿ. ಇಳಿಸಬೇಕೆಂದು ರಾತ್ರಿಯೂಟ ಬಿಡುತ್ತಾಳೆ, ಡಬ್ಬದ ಪುಡಿ ಕುಡಿಯುತ್ತಾಳೆ. ಮೊದಲ ವಾರ ಇಳಿಯುವುದರಲ್ಲಿ ಬಹುಪಾಲು ನೀರು. ಪುಡಿ ನಿಂತ ಮೇಲೆ ತೂಕ ಮರಳುತ್ತದೆ. ಮೊದಲೇ ರಕ್ತ ಕಡಿಮೆಯಿರುವ ಮೈಯಿಂದ ಕಳೆದುಹೋದ ಪೋಷಣೆ ಅಷ್ಟು ಸುಲಭಕ್ಕೆ ಮರಳುವುದಿಲ್ಲ. ಹೀಗೆ ಸೊರಗಿದ ಹುಡುಗಿ ಬಸುರಾದಾಗ ಹುಟ್ಟುವುದು ಯಾಜ್ಞಿಕ್ ಹೇಳಿದ ಆ ಮಗುವೇ, ಕೈಕಾಲು ಸಣ್ಣ, ಒಳಗೆ ಕೊಬ್ಬು. ತಪ್ಪು ಲೆಕ್ಕ ಮುಂದಿನ ತಲೆಮಾರಿಗೂ ದಾಟುತ್ತದೆ.

ನನ್ನ ವಾದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಎರಡಕ್ಕೂ ಉತ್ತರ ಕೊಡಬೇಕು.

ಮೊದಲನೆಯದು, ಹಾಗಾದರೆ ತೂಕಕ್ಕೆ ಬೆಲೆಯೇ ಇಲ್ಲವೇ ಎಂಬುದು. ಖಂಡಿತ ಇದೆ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ಇದ್ದ ತೂಕದಲ್ಲಿ ಶೇ 7 ಇಳಿಸುವ ಮತ್ತು ವಾರಕ್ಕೆ 150 ನಿಮಿಷ ಮೈ ದಣಿಸುವ ಗುರಿ ಕೊಟ್ಟರು. ಕಾಯಿಲೆ ಬರುವ ಸಂಭವ ಶೇ 58ರಷ್ಟು ಕಡಿಮೆಯಾಯಿತು. ಬ್ರಿಟನ್ನಿನ ಇನ್ನೊಂದು ಪ್ರಯೋಗದಲ್ಲಿ, ಕಾಯಿಲೆ ಬಂದು ಆರು ವರ್ಷ ದಾಟದವರ ಪೈಕಿ 15 ಕೆ.ಜಿ. ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ 86 ಜನ ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆ ಸಕ್ಕರೆಯನ್ನು ಹದಕ್ಕೆ ತಂದರು. ಈ ಎರಡರಲ್ಲೂ ಗಮನಿಸಿ: ಎತ್ತರದಲ್ಲಿ ನೂರು ಕಳೆದು ಬಂದ ಸಂಖ್ಯೆಯನ್ನು ಯಾರೂ ಮುಟ್ಟಲು ಹೇಳಲಿಲ್ಲ. ಇದ್ದಲ್ಲಿಂದ ಎಷ್ಟು ಇಳಿದರು ಎಂಬುದೇ ಫಲ ಕೊಟ್ಟಿತು. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 531 ಭಾರತೀಯರ ಮೇಲೆ ಮೂರು ವರ್ಷ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಮುಂದೆ ಹೋಗುತ್ತದೆ. ಊಟ ತಿದ್ದಿಕೊಂಡು ನಡಿಗೆ ಹೆಚ್ಚಿಸಿದವರಲ್ಲಿ ಕಾಯಿಲೆ ಬರುವ ಸಂಭವ ಶೇ 28.5ರಷ್ಟು ಇಳಿಯಿತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ತಕ್ಕಡಿಯ ಮುಳ್ಳು ಅಲ್ಲಾಡದಿದ್ದಾಗಲೂ ಒಳಗೆ ಮೈ ಸುಧಾರಿಸುತ್ತಿರುತ್ತದೆ. ಮುಳ್ಳು ಇಳಿಯಲಿಲ್ಲವೆಂದು ನಡಿಗೆ ನಿಲ್ಲಿಸಿದವರು ಗಳಿಸಿದ್ದನ್ನೂ ಕಳೆದುಕೊಳ್ಳುತ್ತಾರೆ.

ಎರಡನೆಯ ಆಕ್ಷೇಪ, ಹಳ್ಳಿಯ ಜನಕ್ಕೆ ಸುಲಭದ ಲೆಕ್ಕ ಬೇಕು, ಇಷ್ಟೆಲ್ಲ ಯಾರು ನೆನಪಿಡುತ್ತಾರೆ ಎಂಬುದು. ಸುಲಭದ ಅಳತೆ ಆಗಲೇ ನಮ್ಮ ಮನೆಬಾಗಿಲಿಗೆ ಬಂದಿದೆ. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ನಮೂನೆ ಹಿಡಿದು ಬರುತ್ತಾರೆ. ಅದರಲ್ಲಿ ಅಂಕ ಕೊಡುವ ಪ್ರಶ್ನೆಗಳು ವಯಸ್ಸು, ಹೊಗೆಸೊಪ್ಪು ಮತ್ತು ಬೀಡಿ, ಕುಡಿತ, ಸೊಂಟದ ಸುತ್ತಳತೆ, ಮೈ ದಣಿಸುವ ಕೆಲಸ, ಮನೆತನದಲ್ಲಿ ಬಿಪಿ, ಸಕ್ಕರೆ, ಹೃದಯದ ಕಾಯಿಲೆ. ತೂಕಕ್ಕೆ ಅಲ್ಲಿ ಅಂಕವಿಲ್ಲ. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದ ಸೊಂಟಕ್ಕೆ ಅಂಕ ಬೀಳುತ್ತದೆ, ಒಟ್ಟು ನಾಲ್ಕು ದಾಟಿದರೆ ತಡಮಾಡದೆ ತಪಾಸಣೆ. ನಾವು ಆ ನಮೂನೆಯನ್ನು ಸರ್ಕಾರದ ಕಾಗದವೆಂದು ಬೇಗ ಮುಗಿಸಿ ಕಳಿಸುತ್ತೇವೆ. ಒಂದು ದಾರಕ್ಕೆ 80ರಲ್ಲಿ ಒಂದು ಗಂಟು, 90ರಲ್ಲಿ ಒಂದು ಗಂಟು ಹಾಕಿ ದೇವರ ಮನೆಯ ಪಕ್ಕ ತೂಗುಹಾಕಿದರೆ ಮನೆಮಂದಿಗೆಲ್ಲ ಅಷ್ಟು ಸಾಕು. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಸುತ್ತಿ ನೋಡಬೇಕು. ಬಸುರಿಯರಿಗೆ, ಮಕ್ಕಳಿಗೆ, ಹಂದಿಗೋಡು ಕಾಯಿಲೆಯವರಿಗೆ ಈ ಗಂಟು ಸಲ್ಲದು. ಉಳಿದವರಿಗೆ ತಕ್ಕಡಿಗಿಂತ ಇದು ಹೆಚ್ಚು ಸತ್ಯ ಹೇಳುತ್ತದೆ.

ಹಾಗಾದರೆ ನನ್ನ ಮೈಗೆ ಸರಿಯಾದ ಗುರಿ ಯಾವುದು ಎಂದು ಕಂಡುಕೊಳ್ಳುವ ಕ್ರಮ ಹೀಗಿರಲಿ. ಸೊಂಟ ಅಳೆಯಿರಿ. ಬಿಪಿ, ಸಕ್ಕರೆ ನೋಡಿಸಿ; ಮನೆಯಲ್ಲಿ ಸಕ್ಕರೆ ಕಾಯಿಲೆಯಿದ್ದರೆ ಸಪೂರವಿದ್ದರೂ ನೋಡಿಸಿ. ಕೈ ಊರದೆ ಕುರ್ಚಿಯಿಂದ ಏಳಲು ಬರುತ್ತದೆಯೇ, ತೋಟದಿಂದ ಮನೆಯ ಮೆಟ್ಟಿಲು ನಿಲ್ಲದೆ ಹತ್ತಲು ಆಗುತ್ತದೆಯೇ ಪರೀಕ್ಷಿಸಿಕೊಳ್ಳಿ. ಗಂಟು ದಾಟಿದ ಸೊಂಟ, ಏರಿದ ಸಕ್ಕರೆ ಅಥವಾ ಬಿಪಿ ಇದ್ದವರಿಗೆ ಮೊದಲ ಗುರಿ ಇದ್ದ ತೂಕದಲ್ಲಿ ಶೇ 5ರಿಂದ 7, ಅದೂ ಆರು ತಿಂಗಳಲ್ಲಿ. 70 ಕೆ.ಜಿ. ಇದ್ದವರಿಗೆ ಅದು ಮೂರೂವರೆಯಿಂದ ಐದು ಕೆ.ಜಿ. ಅನ್ನ ಒಂದು ಸೌಟು ಕಡಿಮೆಯಾಗಿ ಹೆಸರುಕಾಳು, ಸೊಪ್ಪು, ಮಜ್ಜಿಗೆ, ತಿನ್ನುವವರಿಗೆ ಮೀನು ಮೊಟ್ಟೆ ಹೆಚ್ಚಾಗಲಿ. ಚಹಾದ ಸಕ್ಕರೆ ಹೋಗಲಿ. ಬೈಕು ಬಿಟ್ಟು ತೋಟಕ್ಕೆ ನಡೆಯಿರಿ. ಮತ್ತೆ ಅಳೆದು, ರಕ್ತ ನೋಡಿಸಿ, ಮುಂದಿನ ಗುರಿ ಆಮೇಲೆ. ಸೊಂಟವೂ ರಕ್ತವೂ ಸರಿಯಿದ್ದವರಿಗೆ ಇದ್ದ ತೂಕವೇ ಗುರಿ. ಆದರೆ ಬಿಎಂಐ 18.5ರ ಕೆಳಗಿದ್ದವರು ತೂಕ ಏರಿಸಬೇಕು. ಏನೂ ಮಾಡದೆ ತೂಕ ತಾನಾಗಿ ಇಳಿಯುತ್ತಿದ್ದರೆ ಸಂತೋಷಪಡಬೇಡಿ, ಕ್ಷಯ ಮತ್ತು ಸಕ್ಕರೆ ಎರಡಕ್ಕೂ ಪರೀಕ್ಷೆ ಮಾಡಿಸಿ.

ಶಿಬಿರ ನಡೆಸುವ ಸಂಘಸಂಸ್ಥೆಗಳಲ್ಲಿ ನನ್ನ ಬೇಡಿಕೆ ಒಂದೇ. ತೂಕದ ಯಂತ್ರದ ಪಕ್ಕ ಒಂದು ಟೇಪು ಇಡಿ. ಎತ್ತರ ಮತ್ತು ತೂಕದ ಪಟ್ಟಿಯನ್ನು ಗೋಡೆಯಿಂದ ತೆಗೆಯಿರಿ. ಸೊಂಟ, ಸಕ್ಕರೆ, ಬಿಪಿ ನೋಡದೆ ಯಾರಿಗೂ ಇಷ್ಟು ಕೆ.ಜಿ. ಇಳಿಸಿ ಎಂದು ಹೇಳಬೇಡಿ. ಮನೆಗಳಲ್ಲಿ ದೊಡ್ಡವರೂ ಹುಡುಗಿಯರ ಮೈ ನೋಡಿ ಸಂಖ್ಯೆ ಹೇಳುವುದನ್ನು ನಿಲ್ಲಿಸಬೇಕು. ಮುಂದಿನ ಸಲ ಆಶಾ ಕಾರ್ಯಕರ್ತೆ ಅಂಗಳಕ್ಕೆ ಬಂದಾಗ ಕೆಲಸ ಬದಿಗಿಟ್ಟು ಕುಳಿತು ಆ ನಮೂನೆಯನ್ನು ಪೂರ್ತಿ ತುಂಬಿಸಿ, ಅಂಕ ನಾಲ್ಕು ದಾಟಿದರೆ ಅದೇ ವಾರ ಆಸ್ಪತ್ರೆಗೆ ಹೋಗಿ.